ಭುಜದುದ್ದದ ಲೇಯರ್ ಕಟ್, ಜೊತೆಗೆ ಕರ್ಟನ್ ಬ್ಯಾಂಗ್ಸ್

ಕೂದಲನ್ನು ಬೇರೆ ಬೇರೆ ಉದ್ದದ ಪದರಗಳಾಗಿ ಕತ್ತರಿಸೋದೇ ಲೇಯರ್ ಕಟ್. ಪಾರ್ಲರ್‌ಗೆ ಹೋಗಿ ಸುಮ್ನೆ 'ಲೇಯರ್ ಕಟ್ ಮಾಡಿ' ಅಂದರೆ ಸಾಲದು. ಉದ್ದ ಎಲ್ಲಿವರೆಗೆ ಬೇಕು ಅಂತ ಬೆರಳಿಟ್ಟು ತೋರಿಸಿ. ಭುಜದಿಂದ ಎರಡು ಬೆರಳು ಕೆಳಗಿದ್ದರೆ ಪುಟ್ಟ ಜಡೆಯನ್ನೂ ಹಾಕಬಹುದು, ಕ್ಲಿಪ್ಪೂ ನಿಲ್ಲುತ್ತದೆ. ಮೊದಲ ಲೇಯರ್ ಗದ್ದದ ಹತ್ತಿರ ಶುರುವಾಗಲಿ. ಕೂದಲು ತೆಳುವಾಗಿದ್ದರೆ ಎರಡೇ ಲೇಯರ್ ಸಾಕು, ಜಾಸ್ತಿ ಮಾಡಿಸಿದರೆ ತುದಿ ಇಲಿಬಾಲದ ಹಾಗೆ ಕಾಣುತ್ತದೆ.

ಕರ್ಟನ್ ಬ್ಯಾಂಗ್ಸ್ ಅಂದರೆ ಹಣೆಯ ಮಧ್ಯದಿಂದ ಎರಡೂ ಕಡೆಗೆ ಪರದೆಯ ಹಾಗೆ ಇಳಿಯುವ ಮುಂಗೂದಲು. ಈ ಬ್ಯಾಂಗ್ಸ್ ವಿಷಯದಲ್ಲಿ ಮಾತ್ರ ಹುಷಾರು. ಒದ್ದೆ ಕೂದಲು ಉದ್ದ ಕಾಣುತ್ತದೆ, ಒಣಗಿದ ಮೇಲೆ ಮೇಲಕ್ಕೇರುತ್ತದೆ, ಅದರಲ್ಲೂ ಗುಂಗುರು ಕೂದಲಿನವರಿಗೆ. ನನ್ನದು ಒಂದು ಸಲ ಹುಬ್ಬಿಗಿಂತ ಮೇಲೆ ಹೋಗಿ ಕೂತಿತ್ತು, ಎರಡು ತಿಂಗಳು ಹೇರ್‌ಪಿನ್ನೇ ಗತಿ! ಅದಕ್ಕೇ ಮೊದಲ ಸಲ ಕೆನ್ನೆ ಮೂಳೆವರೆಗೆ ಉದ್ದ ಇರಲಿ, ಬೇಕಾದರೆ ಆಮೇಲೆ ಗಿಡ್ಡ ಮಾಡಿಸಿದರಾಯ್ತು, ಅಲ್ವಾ?

ತಲೆಸ್ನಾನ ಆದ ತಕ್ಷಣ ಹೀಟ್ ಪ್ರೊಟೆಕ್ಟೆಂಟ್ (ಡ್ರೈಯರ್ ಬಿಸಿಯಿಂದ ಕೂದಲನ್ನು ಕಾಪಾಡುವ ಸ್ಪ್ರೇ ಅಥವಾ ಕ್ರೀಮ್) ಹಚ್ಚಿ, ಮೊದಲು ಬ್ಯಾಂಗ್ಸ್ ಒಣಗಿಸಿ, ಉಳಿದದ್ದು ಕಾಯಲಿ. ಡ್ರೈಯರ್ ಅನ್ನು ಮೇಲಿಂದ ಕೆಳಕ್ಕೆ ಹಿಡಿದು, ಚಪ್ಪಟೆ ಬ್ರಷ್‌ನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಚುತ್ತಾ ಹೋದರೆ ಬುಡದಲ್ಲಿರುವ ಸೊಟ್ಟ ಹೋಗುತ್ತದೆ. ಇನ್ನೂ ಬಿಸಿ ಇರುವಾಗಲೇ ಮಧ್ಯ ಬೈತಲೆ ತೆಗೆದು, ಎರಡೂ ಕಡೆ ಒಂದೊಂದು ವೆಲ್ಕ್ರೋ ರೋಲರ್ (ಪಿನ್ ಇಲ್ಲದೆಯೇ ಕೂದಲಿಗೆ ಅಂಟಿ ನಿಲ್ಲುವ ಕೊಳವೆಯಂಥ ಸುರುಳಿ) ಅನ್ನು ಮುಖದಿಂದ ಹಿಂದಕ್ಕೆ ಸುತ್ತಿ. 10 ನಿಮಿಷ ಬಿಡಿ, ಅಷ್ಟರಲ್ಲಿ ಕಾಫಿ ಮುಗಿಯುತ್ತದೆ. ತೆಗೆದ ಮೇಲೆ ಬಾಚಣಿಗೆ ಬೇಡ, ಬೆರಳಲ್ಲೇ ಬಿಡಿಸಿ.

ಹಣೆಯ ಜಿಡ್ಡಿಗೆ ಬ್ಯಾಂಗ್ಸ್ ಮಾರನೇ ದಿನವೇ ಜೋತು ಬೀಳುತ್ತವೆ. ಆಗ ಇಡೀ ತಲೆ ತೊಳೆಯಬೇಕಿಲ್ಲ. ಉಳಿದ ಕೂದಲು ಕಟ್ಟಿ, ಮುಂದಿನಷ್ಟನ್ನೇ ಸಿಂಕ್‌ನಲ್ಲಿ ಒಂದು ಹನಿ ಶಾಂಪೂ ಹಾಕಿ ತೊಳೆಯಿರಿ.