ಸಂಕ್ರಾಂತಿಯಿಂದ ಐಪಿಎಲ್‌ವರೆಗೆ: ಬೆಳಗ್ಗೆ ಪುಸ್ತಕ, ರಾತ್ರಿ ಟಿವಿ

ಶಿವರಾತ್ರಿ ಬಂದರೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅಂತಾರಲ್ಲ, ಅದು ಓಡೋಕೆ ಶುರು ಮಾಡಿ ಪೂರ್ತಿ ಹೋಗುವವರೆಗಿನ ಎರಡು ತಿಂಗಳಿದೆ ನೋಡಿ, ಬೆಂಗಳೂರು ಮೈಸೂರು ಕಡೆ ಓದೋಕೆ ಅದಕ್ಕಿಂತ ಒಳ್ಳೆ ಕಾಲ ಇಲ್ಲ. ಬೆಳಗ್ಗೆ ಶಾಲು, ಮಧ್ಯಾಹ್ನ ಫ್ಯಾನು. ಮಳೆಯ ಕಾಟವಿಲ್ಲ. ಬಿಸಿಲು ಇನ್ನೂ ಮೈ ಸುಡುತ್ತಿಲ್ಲ. ಆದರೆ ಮಾರ್ಚ್ ಕೊನೆಯ ಹೊತ್ತಿಗೆ ಐಪಿಎಲ್ ಬರುತ್ತದೆ, ಆಮೇಲೆ ರಿಮೋಟ್ ನಿಮ್ಮ ಕೈಗೆ ಸಿಗಲ್ಲ. ಹಾಗಾಗಿ ನೋಡಬೇಕಾದ್ದನ್ನೆಲ್ಲ ಅಷ್ಟರೊಳಗೆ ನೋಡಿ ಮುಗಿಸಿ. ಓದು ಬೇಕಾದರೆ ಆಮೇಲೂ ನಡೆಯಲಿ.

ಮೊದಲು ಕುರ್ಚಿ ಎಲ್ಲಿಡಬೇಕು ಅಂತ ನೋಡಿ. ಇದನ್ನು ಯಾರೂ ಹೇಳಲ್ಲ. ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಅದಕ್ಕೇ ದಕ್ಷಿಣದ ಕಿಟಕಿಯಿಂದ ಎಳೆ ಬಿಸಿಲು ಮನೆಯೊಳಗೆ ದೂರದವರೆಗೂ ಬರುತ್ತದೆ. ಕುರ್ಚಿ ಅಲ್ಲಿರಲಿ, ಬೆನ್ನಿಗೆ ಬಿಸಿಲು ಬೀಳಲಿ, ಪುಟದ ಮೇಲೆ ನೇರವಾಗಿ ಬೇಡ, ಕಣ್ಣು ಕುಕ್ಕುತ್ತದೆ. ಫೆಬ್ರವರಿ ಕಳೆಯುತ್ತಿದ್ದಂತೆ ಸೂರ್ಯ ನೆತ್ತಿಗೆ ಹತ್ತಿರವಾಗುತ್ತಾನೆ, ಆ ಕಿಟಕಿಯ ಬಿಸಿಲು ಮತ್ತೆ ಕಿಟಕಿಯ ಕಡೆಗೇ ಸರಿದು ಸರಿದು ಕಡಿಮೆಯಾಗುತ್ತದೆ. ಆಗ ಕುರ್ಚಿಯನ್ನು ಉತ್ತರದ ಅಥವಾ ಪೂರ್ವದ ಕಿಟಕಿಗೆ ಒಯ್ಯಿರಿ. ಪಶ್ಚಿಮದ ಕಡೆ ಮಾತ್ರ ಬೇಡ, ಮಾರ್ಚ್‌ನಲ್ಲಿ ಸಂಜೆ ನಾಲ್ಕಕ್ಕೆ ಆ ಗೋಡೆ ಮುಟ್ಟಿ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ.

ಈಗ ಪುಸ್ತಕ. ದಪ್ಪನೆಯದನ್ನೇ ಹಿಡಿಯಿರಿ, ಮತ್ತು ಅದನ್ನು ಬೆಳಗಿನ ಚಳಿಗೆ ಮೀಸಲಿಡಿ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಎಷ್ಟು ಜನರ ಮನೆಯಲ್ಲಿ ಅರ್ಧ ಓದಿ ಹಾಗೇ ಬಿದ್ದಿದೆಯೋ! ಕಾರಣ ಭಾಷೆ ಅಲ್ಲ, ಹೆಸರುಗಳು. ಮನೆ ಮನೆಯ ಗೌಡರು, ಹೆಗ್ಗಡೆಗಳು, ಆಳುಗಳು, ಕೊನೆಗೆ ನಾಯಿಗೂ ಹೆಸರಿದೆ, ಎರಡು ದಿನ ಬಿಟ್ಟು ತೆಗೆದರೆ ಯಾರು ಯಾರ ಮಗ ಅಂತ ಮರೆತೇಹೋಗಿರುತ್ತದೆ. ಅದಕ್ಕೆ ಒಂದು ಚೀಟಿ ಇಟ್ಟುಕೊಳ್ಳಿ. ಯಾವ ಮನೆ, ಆ ಮನೆಯಲ್ಲಿ ಯಾರ್ಯಾರು, ಅಷ್ಟೇ ಬರೆಯಿರಿ. ಮೊದಲ ನೂರು ಪುಟ ದಾಟುವವರೆಗೆ ಒಂದು ದಿನವೂ ತಪ್ಪಿಸಬೇಡಿ, ದಿನಕ್ಕೆ ಹತ್ತೇ ಪುಟವಾದರೂ ಪರವಾಗಿಲ್ಲ. ಆಮೇಲೆ ಅದೇ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ಅಷ್ಟು ದಪ್ಪದ್ದು ಬೇಡ ಅನ್ನುವವರಿಗೆ ತೇಜಸ್ವಿಯವರ 'ಕರ್ವಾಲೊ' (1980) ಇದೆ, ಹಾರುವ ಓತಿಯ ಹಿಂದೆ ಹೊರಟವರ ಕಥೆ, ಒಂದು ಶನಿವಾರ ಭಾನುವಾರ ಸಾಕು.

ಟಿವಿಗೆ ರಾತ್ರಿ. ಹಗಲು ಹೊತ್ತಿನಲ್ಲಿ ಪರದೆಯ ಮೇಲೆ ಕಿಟಕಿಯ ಬೆಳಕು ಬಿದ್ದು ಏನೂ ಕಾಣಲ್ಲ, ಕಾಣಲಿ ಅಂತ ಬ್ರೈಟ್‌ನೆಸ್ ಏರಿಸಿದರೆ ಕಣ್ಣಿಗೆ ಆಯಾಸ. ಇನ್ನೊಂದು ವಿಷಯ, ಈ ತಿಂಗಳುಗಳಲ್ಲಿ ಗಾಳಿ ಒಣಗಿರುತ್ತದೆ, ಟಿವಿ ನೋಡುವಾಗ ನಾವು ರೆಪ್ಪೆ ಬಡಿಯುವುದೂ ಕಡಿಮೆ. ಅದರ ಮೇಲೆ ಫ್ಯಾನ್ ಗಾಳಿ ನೇರ ಮುಖಕ್ಕೆ ಬಂದರೆ ಕಣ್ಣು ಉರಿ ಬರದೆ ಇರುತ್ತಾ? ಫ್ಯಾನ್ ಪಕ್ಕಕ್ಕೆ ತಿರುಗಿಸಿ.

ಏನು ನೋಡೋದು ಅಂತ ಹುಡುಕುತ್ತಾ ಅರ್ಧ ಗಂಟೆ ಕಳೆಯಬೇಡಿ. ನನ್ನ ಉಪಾಯ ಇದು: ಓದಿದ್ದರ ಜೊತೆ ಅದರ ಪರದೆಯ ರೂಪವನ್ನು ಜೋಡಿ ಮಾಡಿ. ತೇಜಸ್ವಿಯವರ 'ತಬರನ ಕಥೆ' ಒಂದೇ ಕೂತಲ್ಲಿ ಓದುವಷ್ಟು ಚಿಕ್ಕದು. ಇವತ್ತು ರಾತ್ರಿ ಓದಿ, ನಾಳೆ ಗಿರೀಶ ಕಾಸರವಳ್ಳಿಯವರ ಸಿನಿಮಾ ನೋಡಿ. ಅದಕ್ಕೆ ಸ್ವರ್ಣ ಕಮಲ ಬಂದಿತ್ತು, ತಬರನಾಗಿ ಮಾಡಿದ ಚಾರುಹಾಸನ್ ಅವರಿಗೂ ರಾಷ್ಟ್ರಪ್ರಶಸ್ತಿ ಬಂದಿತ್ತು. ಪಿಂಚಣಿಗೆ ಕಚೇರಿ ಸುತ್ತುವ ಆ ಮುದುಕ ನಿಮ್ಮ ತಲೆಯಲ್ಲಿ ಹೇಗಿದ್ದ, ಅಲ್ಲಿ ಹೇಗಿದ್ದಾನೆ, ಹೋಲಿಸಿ ನೋಡೋದೇ ಮಜಾ. ಇಲ್ಲಿ ಓದು ಮೊದಲಿರಲಿ. ಸಿನಿಮಾ ಮೊದಲು ನೋಡಿದರೆ ನಿಮ್ಮ ತಬರ ಹುಟ್ಟುವುದೇ ಇಲ್ಲ.

ಮನೆಯಲ್ಲಿ ಮಕ್ಕಳಿದ್ದರೆ ಮಾತ್ರ ಉಲ್ಟಾ ಮಾಡಿ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಮೊದಲು ಹಾಕಿ. ಒಂದೊಂದು ಕಂತು ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಊಟ ಆದಮೇಲೆ ದಿನಕ್ಕೊಂದು, ಎರಡನೆಯದು ಅಂತ ಎಷ್ಟು ಗೋಗರೆದರೂ ಇಲ್ಲ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್‌ನನ್ನು ನೋಡಿದ ಮೇಲೆ ಆರ್. ಕೆ. ನಾರಾಯಣ್ ಅವರ ಕಥೆಪುಸ್ತಕವನ್ನು ಸುಮ್ನೆ ಟೀಪಾಯಿಯ ಮೇಲೆ ಬಿಟ್ಟಿರಿ. ಓದು ಅಂತ ಹೇಳಬೇಡಿ. ಹೇಳಿದರೆ ಕೆಟ್ಟಿತು.

ಪಿಯುಸಿ, ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುವವರು ಮನೆಯಲ್ಲಿದ್ದರೆ ಮಾರ್ಚ್ ಬರುತ್ತಿದ್ದಂತೆ ಟಿವಿಯ ಬಾಯಿ ಮುಚ್ಚಿಸಬೇಕಾಗುತ್ತದೆ, ಅದು ನ್ಯಾಯವೇ. ಹೆಡ್‌ಫೋನ್ ಹಾಕಿಕೊಂಡು ನಗುತ್ತಾ ಕೂರುವುದು ಓದುತ್ತಿರುವ ಮಗುವಿಗೆ ಇನ್ನೂ ಜಾಸ್ತಿ ಹಿಂಸೆ. ಆ ವಾರಗಳಲ್ಲಿ ನೀವೂ ಪುಸ್ತಕ ಹಿಡಿದು ಅವರ ಎದುರೇ ಕೂತುಬಿಡಿ.

ಐಪಿಎಲ್ ಶುರುವಾದ ದಿನ ಜಗಳಕ್ಕೆ ನಿಲ್ಲಬೇಡಿ, ರಿಮೋಟ್ ಕೊಟ್ಟುಬಿಡಿ. ಅಷ್ಟರಲ್ಲಿ ಬೆಳಗಿನ ಚಳಿಯೂ ಹೋಗಿರುತ್ತದೆ, ಓದನ್ನು ಸಂಜೆಗೆ ತಳ್ಳಿ. ಏಳೂವರೆಯ ಮ್ಯಾಚ್ ಮುಗಿಯೋದು ಹನ್ನೊಂದರ ಮೇಲೆಯೇ. ಅಲ್ಲಿಯವರೆಗೆ ನಿಮ್ಮನ್ನು ಯಾರೂ ಕಾಫಿ ಕೇಳಲ್ಲ ಅಂತ ಗ್ಯಾರಂಟಿ ಕೊಡಲಾರೆ, ಆದರೆ ತಾರಸಿಗೆ ಹೋದರೆ ಕರೆದದ್ದು ಅಷ್ಟು ಬೇಗ ಕೇಳಿಸಲ್ಲ. ಸೊಳ್ಳೆ ಬತ್ತಿ ಮರೆಯಬೇಡಿ.