ಹನ್ನೊಂದು ಕ್ರೇಟಿನ ಲೆಕ್ಕ: ಕೊಡಗಿನ ಮಳೆ ತಾಳಿದ ವ್ಯಾನ್ ಸ್ಟೋರೇಜ್

ಮಲಗಲು, ಅಡುಗೆ ಮಾಡಲು ಕಟ್ಟಿಕೊಂಡ ಗಾಡಿಯೊಳಗೆ ಮರದ ಕಪಾಟು ಬೇಡ, ಬಾಗಿಲು ಬೇಡ, ಸಾಮಾನೆಲ್ಲ ಕ್ರೇಟಿನಲ್ಲಿರಲಿ, ಗಾಡಿಯ ತಗಡಿಗೆ ತಾಗಿಸಿ ಏನನ್ನೂ ಕೂರಿಸುವುದು ಬೇಡ ಅಂದಾಗ ಕುಶಾಲನಗರದ ಬಡಗಿಯಿಂದ ಹಿಡಿದು ತಾವೇ ವ್ಯಾನ್ ಕಟ್ಟಿಕೊಂಡ ಗೆಳೆಯರವರೆಗೆ ಎಲ್ಲರದೂ ಒಂದೇ ರಾಗ: ಸುತ್ತ ಒಂದಿಂಚು ಬಿಟ್ಟರೆ ಅಷ್ಟೂ ಜಾಗ ದಂಡ, ಘಾಟಿಯಲ್ಲಿ ಕ್ರೇಟು ಹಾರಿ ಡ್ರೈವರ್ ತಲೆಗೆ ಬರುತ್ತೆ. ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪೂರ್ತಿ ಮಳೆ ಕಳೆದಿದೆ, ಸಂಪಾಜೆ ಘಾಟಿ ಸಾಕಷ್ಟು ಸಲ ಹತ್ತಿಳಿದಾಗಿದೆ. ಬೂಷ್ಟಿಲ್ಲ, ಹಾರಿದ ಕ್ರೇಟೂ ಇಲ್ಲ. ಅದೇ ಜನ ಅಳತೆ ಕೇಳುತ್ತಿರುವುದರಿಂದ ಬರೆದು ಹಾಕುತ್ತಿದ್ದೇನೆ.

ಗಾಡಿ ಫೋರ್ಸ್ ಕಂಪನಿಯ ಟ್ರಾವೆಲರ್, ವೀಲ್‌ಬೇಸ್ (ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ) 3350 ಮಿ.ಮೀ. ಸೀಟು ತೆಗೆಯುವುದು, ಆರ್‌ಟಿಒ ಕಾಗದ, ಇನ್ಸುಲೇಷನ್ ಇವೆಲ್ಲ ಇಲ್ಲಿ ಬರೆಯುತ್ತಿಲ್ಲ.

ಮೊದಲಿದ್ದದ್ದು ಎಲ್ಲರೂ ಮಾಡಿಸುವಂಥ ಪ್ರಿಲ್ಯಾಮ್ ಬೋರ್ಡಿನ (ಮರದ ಪುಡಿ ಒತ್ತಿ ಮೇಲೆ ಹಾಳೆ ಅಂಟಿಸಿದ್ದು) ಕಪಾಟು, ಮೇಲೆ ಓವರ್‌ಹೆಡ್, ಕೆಳಗೆ ಡ್ರಾಯರ್. ಖರ್ಚು ಎಪ್ಪತ್ತು ಸಾವಿರದ ಮೇಲೆ. ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ ಮಳೆಯಲ್ಲಿ ಬೋರ್ಡಿನ ಕೆಳ ಅಂಚು ಉಬ್ಬಿತು, ಹಿಂಜ್ ಸ್ಕ್ರೂಗಳು ಪುಡಿಯ ಸಮೇತ ಕೈಗೆ ಬಂದವು. ಹಿಂಭಾಗ ನೋಡಿದರೆ ತಗಡಿಗೂ ಬೋರ್ಡಿಗೂ ನಡುವೆ ನೀರು ಇಳಿದ ಗೆರೆ. ಸೋರಿಕೆ ಎಂದು ಗ್ಲಾಸ್ ಬೀಡಿಂಗ್, ಕ್ಯಾರಿಯರ್ ಬೋಲ್ಟ್ ಎಲ್ಲ ಸೀಲ್ ಮಾಡಿಸಿದ ದುಡ್ಡೂ ಹೋಯಿತು. ಅದು ಸೋರಿಕೆಯಲ್ಲ. ಇಬ್ಬರು ಮಲಗಿ ಉಸಿರಾಡಿದ, ಒಲೆ ಹಚ್ಚಿದ ಬಿಸಿ ತೇವದ ಗಾಳಿ ತಣ್ಣಗಿನ ತಗಡಿಗೆ ತಾಗಿ ನೀರಾಗುತ್ತದೆ. ಬಯಲುಸೀಮೆಯಲ್ಲಿ ಅದು ಮಧ್ಯಾಹ್ನದೊಳಗೆ ಆರಿಬಿಡುತ್ತದೆ. ಭಾಗಮಂಡಲದ ಕಡೆ ಜುಲೈಯಲ್ಲಿ ಆರುವ ಮಾತೇ ಇಲ್ಲ. ಆದ್ದರಿಂದ ಕಪಾಟು ಬಿಗಿಯಾದಷ್ಟೂ ಒಳಗೆ ಬೂಷ್ಟು ಜಾಸ್ತಿ.

ಈಗಿನ ವ್ಯವಸ್ಥೆಯಲ್ಲಿ ಎಲ್ಲಕ್ಕೂ ಅಳತೆಗೋಲು ಟೊಮೆಟೊ ಕ್ರೇಟು. ಹೊರ ಅಳತೆ ಸುಮಾರು 54 ಸೆಂ.ಮೀ. ಉದ್ದ, 36 ಅಗಲ, 29 ಎತ್ತರ. ಸುತ್ತ ತೂತು, ಸೊಪ್ಪು ತೊಳೆದಂತೆ ತೊಳೆದು ಕವುಚಿಟ್ಟರಾಯಿತು. ಫ್ರೇಮ್ ಕಟ್ಟಿದ ಮೇಲೆ ಡಬ್ಬ ಹುಡುಕುವುದು ತಲೆಕೆಳಗಾದ ಕೆಲಸ, ಮೂಲೆ ಮೂಲೆಯಲ್ಲಿ ನಾಲ್ಕು ಬೆರಳು ಜಾಗ ಉಳಿದು ಯಾತಕ್ಕೂ ಬಾರದು. ಕ್ರೇಟು ಮೊದಲು ಕೊಂಡು, ಗಾಡಿಯೊಳಗೆ ಜೋಡಿಸಿ, ಸುಣ್ಣದಕಡ್ಡಿಯಲ್ಲಿ ಗುರುತು ಹಾಕಿ, ಆಮೇಲೆ ಪೈಪ್ ಕತ್ತರಿಸಬೇಕು. ಒಂದೇ ಅಂಗಡಿಯಲ್ಲಿ ಒಂದೇ ಸಲಕ್ಕೆ ಕೊಳ್ಳಿ. ಕಂಪನಿಯಿಂದ ಕಂಪನಿಗೆ ಒಂದೆರಡು ಸೆಂಟಿಮೀಟರ್ ವ್ಯತ್ಯಾಸ ಇರುತ್ತದೆ, ಒಂದರ ಮೇಲೊಂದು ಕೂರುವುದೂ ಇಲ್ಲ.

ಹಾಸಿಗೆ ಆರಡಿಗೆ ನಾಲ್ಕಡಿ, ನೆಲದಿಂದ 26 ಇಂಚು. ಅಡಿಯಲ್ಲಿ ಎಡಕ್ಕೊಂದು, ಬಲಕ್ಕೊಂದು ಸಾಲು, ಎರಡು ಅಂತಸ್ತು. ವೀಲ್ ಆರ್ಚ್ (ಚಕ್ರದ ಮೇಲೆ ಒಳಗೆ ಉಬ್ಬಿದ ತಗಡು) ಎರಡೂ ಕಡೆ ಎರಡೆರಡು ಕ್ರೇಟು ತಿನ್ನುತ್ತದೆ, ಆದರೂ ಪಕ್ಕಗಳಲ್ಲಿ ಎಂಟು ಉಳಿಯುತ್ತವೆ. ನಡುವೆ ಹಿಂಬಾಗಿಲ ಕಡೆ ಎಳೆಯುವ ಟ್ರೇ, ಅದರಲ್ಲಿ ಮೂರು. ಒಂದಕ್ಕೆ 45 ಲೀಟರ್ ಹಿಡಿದರೂ ಒಟ್ಟು 500 ಲೀಟರ್ ಹತ್ತಿರ. ಟ್ರೇಯ ಮೇಲಿನ ಜಾಗದಲ್ಲಿ ಚಪ್ಪಟೆ ಸಾಮಾನು: ಮಡಚುವ ಕುರ್ಚಿ, ಮೇಜು, ಟಾರ್ಪಾಲು. ಹಳೆಯ ಕಪಾಟು ನೋಡಲು ದೊಡ್ಡದು, ಆದರೆ ಬೋರ್ಡಿನ ದಪ್ಪ, ಡ್ರಾಯರ್ ಜಾರುವ ಚಾನೆಲ್, ಬಾಗಿಲು ತೆರೆಯಲು ಬೇಕಾದ ಜಾಗ ಕಳೆದರೆ ಇದರ ಮುಕ್ಕಾಲು ಭಾಗವೂ ಹಿಡಿಯುತ್ತಿರಲಿಲ್ಲ.

ಫ್ರೇಮಿಗೆ 25×25 ಮಿ.ಮೀ. ಅಲ್ಯೂಮಿನಿಯಂ ಚೌಕ ಪೈಪ್, ಒಂದೂವರೆ ಮಿ.ಮೀ. ದಪ್ಪದ್ದು. ಅರವತ್ತಡಿ ಬೇಕಾಯಿತು, ಏಳು ಕೆ.ಜಿ. ಇರಬಹುದು; ಅದೇ ಕಬ್ಬಿಣದಲ್ಲಾದರೆ ಇಪ್ಪತ್ತು ದಾಟುತ್ತದೆ. ತಗಡಿಗೆ ಸೆಲ್ಫ್ ಸ್ಕ್ರೂ ಹೊಡೆದರೆ ಕಚ್ಚಾ ರಸ್ತೆಯ ಕುಲುಕಿಗೆ ತೂತು ಅಗಲವಾಗಿ ಸಡಿಲವಾಗುತ್ತದೆ. ಎಂ6 ರಿವೆಟ್ ನಟ್ (ತಗಡಿನ ತೂತಿನಲ್ಲೇ ಕಚ್ಚಿ ಕೂರುವ ನಟ್) ಹಾಕಿ, ಸ್ಪ್ರಿಂಗ್ ವಾಷರ್, ಬೋಲ್ಟ್ ಸಡಿಲವಾಗದಂತೆ ಹಿಡಿಯುವ ನೀಲಿ ಲಾಕ್‌ಟೈಟ್ ಅಂಟು. ಅಲ್ಯೂಮಿನಿಯಂ ಕಬ್ಬಿಣಕ್ಕೆ ತಾಗುವ ಕಡೆ ನೈಲಾನ್ ವಾಷರ್ ಇರಲೇಬೇಕು, ಇಲ್ಲದಿದ್ದರೆ ನಮ್ಮ ತೇವಕ್ಕೆ ಅಲ್ಲಿ ಬಿಳಿ ಪುಡಿ ಏಳುತ್ತದೆ. ತೂತು ಕೊರೆದ ಅಂಚಿಗೆಲ್ಲ ಜಿಂಕ್ ಪ್ರೈಮರ್.

ತಗಡಿಗೂ ಕ್ರೇಟಿಗೂ ನಡುವೆ 25 ಮಿ.ಮೀ. ಖಾಲಿ. ಇದೇ ಎಲ್ಲರೂ ನಕ್ಕ ಒಂದಿಂಚು. ಕ್ರೇಟಿನ ತಳವೂ ನೆಲಕ್ಕೆ ತಾಗುವುದಿಲ್ಲ, ಅರ್ಧ ಇಂಚು ಎತ್ತರದ ಪಟ್ಟಿಯ ಮೇಲಿದೆ. ಆ ಸಂದಿಯಲ್ಲಿ ಗಾಳಿ ಆಡಲು 12 ವೋಲ್ಟಿನ ಎರಡು ಕಂಪ್ಯೂಟರ್ ಫ್ಯಾನು, ಒಂದು ಮುಂದೆ ತಳಕ್ಕೆ, ಇನ್ನೊಂದು ಹಿಂದೆ ಮೇಲಕ್ಕೆ. ರಾತ್ರಿಯಿಡೀ ಓಡಿದರೂ ಬ್ಯಾಟರಿಗೆ ಲೆಕ್ಕಕ್ಕಿಲ್ಲ.

ಟ್ರೇಗೆ ಮಾಮೂಲಿ, 45 ಕೆ.ಜಿ. ತಡೆಯುವ ಟೆಲಿಸ್ಕೋಪಿಕ್ ಚಾನೆಲ್ ಹಾಕಬೇಡಿ. ಮನೆಯಲ್ಲಿ ಸರಿ, ಇಲ್ಲಿ ಕೆಸರು ಸೇರಿ ಗೋಲಿಗಳು ಕಚ್ಚಿಕೊಳ್ಳುತ್ತವೆ, ತಿರುವಿನ ಅಡ್ಡ ಒತ್ತಡಕ್ಕೆ ಚಾನೆಲ್ಲೇ ಬಾಗುತ್ತದೆ. ಲಾಕ್ ಇರುವ ಹೆವಿ ಚಾನೆಲ್ ಜೋಡಿಗೆ ಐದಾರು ಸಾವಿರ ಹೇಳುತ್ತಾರೆ. ನಾನು ಚಾನೆಲ್ಲನ್ನೇ ಬಿಟ್ಟೆ. ಅಡುಗೆಮನೆಯ ಬಿಳಿ ಎಚ್‌ಡಿಪಿಇ ಚಾಪಿಂಗ್ ಬೋರ್ಡನ್ನು 40 ಮಿ.ಮೀ. ಪಟ್ಟಿಗಳಾಗಿ ಸೀಳಿ, ಟ್ರೇ ಅಡಿಗೂ ಫ್ರೇಮ್ ಮೇಲೂ ಕೌಂಟರ್‌ಸಿಂಕ್ ಸ್ಕ್ರೂ ಹಾಕಿದ್ದೇನೆ. ಪ್ಲಾಸ್ಟಿಕ್ ಮೇಲೆ ಪ್ಲಾಸ್ಟಿಕ್, ನೀರು ಬಿದ್ದರೆ ಇನ್ನೂ ಸಲೀಸು. ಟ್ರೇ ಉದ್ದ 165 ಸೆಂ.ಮೀ., ಮೂರನೇ ಎರಡು ಭಾಗ ಮಾತ್ರ ಹೊರಬರಬೇಕು, ಆಮೇಲೆ ಸ್ಟಾಪರ್. ಉಳಿದ ಬಾಲ ಮೇಲೇಳದಂತೆ ಮೇಲೊಂದು ಅಡ್ಡ ಪೈಪ್. ಪೈಪಿಗೂ ಟ್ರೇಗೂ 4 ಮಿ.ಮೀ. ಬಿಡಿ. ಎರಡೇ ಬಿಟ್ಟಿದ್ದಾಗ ಜುಲೈಯಲ್ಲಿ ಪ್ಲೈ ಊದಿ ಟ್ರೇ ಅಲ್ಲಾಡಲಿಲ್ಲ. ಪ್ಲೈ 12 ಮಿ.ಮೀ. ಬಿಡಬ್ಲ್ಯುಪಿ (ಕುದಿನೀರಿಗೂ ತಡೆಯುವ ದರ್ಜೆ), ಐಎಸ್ 710 ಮುದ್ರೆ ಇರುವುದು; ಆದರೂ ಕತ್ತರಿಸಿದ ಅಂಚು ನೀರು ಕುಡಿಯುತ್ತದೆ, ಎಪಾಕ್ಸಿ ಎರಡು ಕೋಟ್ ಬಳಿಯಿರಿ. ಮುಚ್ಚಲು ಎರಡು ಟವರ್ ಬೋಲ್ಟ್. ಅವು ಗಡಗಡ ಎನ್ನದಂತೆ ಮಾಡುವ ಉಪಾಯ ಒಂದಿದೆ, ಖರ್ಚು ಹತ್ತು ರೂಪಾಯಿಯೂ ಇಲ್ಲ. ಅದನ್ನು ಗಾಡಿ ತಂದವರಿಗೆ ತೋರಿಸುತ್ತೇನೆ, ಬರೆಯುವುದಿಲ್ಲ.

ಪಕ್ಕದ ಕ್ರೇಟುಗಳಿಗೆ ಬಾಗಿಲಿಲ್ಲ. ಮುಂದೆ ಎರಡಿಂಚು ಎತ್ತರದ ತಡೆಪಟ್ಟಿ, ಅದರ ಮೇಲೆ ಬಕಲ್ ಇರುವ 25 ಮಿ.ಮೀ. ನೈಲಾನ್ ಬೆಲ್ಟ್. ಎಲಾಸ್ಟಿಕ್ ಹಗ್ಗ ಇಲ್ಲಿ ಬೇಡ, ತಿರುವಿನಲ್ಲಿ ಹಿಗ್ಗಿ ಕ್ರೇಟನ್ನು ಹೊರಗೆ ಬಿಟ್ಟುಬಿಡುತ್ತದೆ.

ಮೇಲಿನ ಓವರ್‌ಹೆಡ್ ಜಾಗದಲ್ಲಿ ಬಟ್ಟೆಗೆ ಜೋಳಿಗೆ. ಗೋಣಿಚೀಲದ ಜೋಳಿಗೆ ನೋಡಲು ಚೆಂದ, ಕಾಫಿ ಕಣದ ಕಳೆ ಇತ್ತು. ಆದರೆ ಸೆಣಬು ತೇವ ಹೀರಿ ಎರಡನೇ ವಾರಕ್ಕೆ ವಾಸನೆ. ಕ್ಯಾನ್‌ವಾಸ್ ಕೂಡ ಸೋತಿತು. ಗೆದ್ದದ್ದು ಮೆಣಸಿನ ಬಳ್ಳಿಯ ನರ್ಸರಿಗೆ ಕಟ್ಟುವ ಹಸಿರು ಶೇಡ್‌ನೆಟ್, 75 ಪರ್ಸೆಂಟ್ ನೆರಳಿನದು. ಗೋಣಿಕೊಪ್ಪಲಿನಲ್ಲಿ ಟಾರ್ಪಾಲು ಹೊಲಿಯುವವರ ಹತ್ತಿರ ಅಂಚಿಗೆ ಪಟ್ಟಿ ಕೊಟ್ಟು ಹೊಲಿಸಿ, ಐಲೆಟ್ ಹೊಡೆಸಿದೆ. ಪಟ್ಟಿ ಇಲ್ಲದೆ ಹೊಲಿದರೆ ಬಲೆ ಜೋಲುತ್ತದೆ. ಮೇಲೆ ಭಾರ ಇಡಬಾರದು: ಒಂದು ಜೋಳಿಗೆಗೆ ಮೂರು ಕೆ.ಜಿ. ಗಡಿ. ತಲೆಯ ಮಟ್ಟದ ಭಾರ ತಿರುವಿನಲ್ಲಿ ಗಾಡಿಯನ್ನು ಓಲಾಡಿಸುತ್ತದೆ. ರೂಫ್ ಬಾಕ್ಸ್ ವಿಷಯವೂ ಅದೇ, ಜೊತೆಗೆ ತೋಟದ ದಾರಿಯ ಕೊಂಬೆಗಳು ಬೇರೆ.

ತೇವ ಹೀರಿಸುವ ಪ್ರಯೋಗಗಳೂ ನಡೆದವು. ಇದ್ದಿಲು ತೆರೆದ ಜಾಗದಲ್ಲಿ ಏನೂ ಮಾಡಲಿಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬ ಚೆನ್ನಾಗಿ ಹೀರುತ್ತದೆ, ಆದರೆ ತಳದಲ್ಲಿ ಸೇರಿದ ಉಪ್ಪುನೀರು ತಿರುವಿನಲ್ಲಿ ಚೆಲ್ಲಿದರೆ ತಗಡಿಗೆ ತುಕ್ಕು ಖಂಡಿತ. ನಿಲ್ಲಿಸಿದ ಗಾಡಿಗೆ ಮಾತ್ರ ಸರಿ. ಸಿಲಿಕಾ ಜೆಲ್ ರಬ್ಬರ್ ಗ್ಯಾಸ್ಕೆಟ್ ಇರುವ ಡಬ್ಬದಲ್ಲಷ್ಟೇ ಉಪಯೋಗ: ಕ್ಯಾಮೆರಾ, ಕಾಗದ, ಔಷಧಿ. ಕಿತ್ತಳೆ ಬಣ್ಣದ ಹರಳು ಕೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಊಟದ ಸಾಮಾನಿನ ಹತ್ತಿರ ಬೇಡ.

ಒದ್ದೆ ಸಾಮಾನು ಒಳಗೆ ಬರಲೇಬಾರದು. ಆರು ಇಂಚಿನ ಪಿವಿಸಿ ಪೈಪ್ ನಾಲ್ಕಡಿ ಕತ್ತರಿಸಿ, ಎರಡು ಕಡೆ ಕ್ಯಾಪ್ ಹಾಕಿ, ತಳದಲ್ಲಿ ತೂತು ಕೊರೆದು ಹಿಂದಿನ ಏಣಿಗೆ ಕ್ಲಾಂಪ್ ಮಾಡಿದರೆ ಕೊಡೆ, ರೇನ್‌ಕೋಟ್, ಜಿಗಣೆ ಕಾಲುಚೀಲ ಎಲ್ಲ ಅಲ್ಲೇ. ಗಮ್‌ಬೂಟಿಗೆ ಹಿಂಬಾಗಿಲ ಮೂಲೆಯಲ್ಲಿ ಒಂದು ಟಬ್, ನೆಲದ ಮೂಲಕ ಕೆಳಗಿಳಿಯುವ ಪೈಪ್. ಕೊರೆಯುವ ಮೊದಲು ಗಾಡಿ ಕೆಳಗೆ ಮಲಗಿ ಬ್ರೇಕ್ ಪೈಪ್, ಡೀಸೆಲ್ ಪೈಪ್ ಎಲ್ಲಿದೆ ನೋಡಿಕೊಳ್ಳಿ.

ನೀರು ಕಡಿಮೆ ಮಾಡಿದ್ದೂ ದೊಡ್ಡ ಲಾಭ. ಕೊಡಗಿನಲ್ಲಿ ನೂರು ಲೀಟರಿನ ಟ್ಯಾಂಕ್ ಯಾಕೆ? ಇಪ್ಪತ್ತರ ಎರಡು ಕ್ಯಾನು, ಹಿಂದಿನ ಆಕ್ಸಲ್‌ಗಿಂತ ಮುಂದೆ. ಅರವತ್ತು ಕೆ.ಜಿ. ಅಲ್ಲೇ ಇಳಿಯಿತು. 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ ಹೋಗಿ 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬಂದಮೇಲೆ ಇನ್ನೊಂದು ನಲವತ್ತು ಕೆ.ಜಿ. ಕಡಿಮೆ, ಮತ್ತು ಅದು ಸೀಟಿನಡಿ ಸೇರಿಕೊಂಡಿತು. ಮಳೆಗಾಲದಲ್ಲಿ ಸೋಲಾರ್ ನಂಬಬೇಡಿ, ಎಂಜಿನ್ ಓಡುವಾಗ ಆಲ್ಟರ್ನೇಟರ್ ಕೊಡುವ ಕರೆಂಟಿನಿಂದಲೇ ಬ್ಯಾಟರಿ ತುಂಬಿಸುವ ಡಿಸಿ-ಡಿಸಿ ಚಾರ್ಜರ್ ಹಾಕಿ.

ಜಾಗದ ಆಸೆಗೆ ಮುಟ್ಟಬಾರದ್ದು ಒಂದೇ, ಗ್ಯಾಸಿನ ಗೂಡು. ಐದು ಕೆ.ಜಿ. ಸಿಲಿಂಡರಿಗೆ ಬೇರೆ ಪೆಟ್ಟಿಗೆ, ತಳದಲ್ಲಿ ಹೊರಕ್ಕೆ ತೆರೆಯುವ 25 ಮಿ.ಮೀ.ನ ಎರಡು ತೂತು. ಎಲ್‌ಪಿಜಿ ಗಾಳಿಗಿಂತ ಭಾರ, ಕೆಳಗೇ ಕೂರುತ್ತದೆ. ಆ ತೂತಿಗೆ ಅಡ್ಡವಾಗಿ ಚಪ್ಪಲಿಯನ್ನೂ ಇಡಬೇಡಿ.

ಬ್ಯಾಟರಿ ಬಿಟ್ಟರೆ ಒಟ್ಟು ಖರ್ಚು ಇಪ್ಪತ್ತೈದು ಸಾವಿರದ ಆಸುಪಾಸು. ಪ್ಲೈ ಎರಡು ಶೀಟಿಗೆ ಆರೂವರೆ, ಅಲ್ಯೂಮಿನಿಯಂ ಮೂರು, ಕ್ರೇಟುಗಳಿಗೆ ನಾಲ್ಕರ ಹತ್ತಿರ, ಜೋಳಿಗೆ ಹೊಲಿಗೆ ಸೇರಿ ಮೂರು, ಉಳಿದದ್ದು ನಟ್ಟು, ಬೆಲ್ಟು, ಎಪಾಕ್ಸಿ, ಫ್ಯಾನು. ರಿವೆಟ್ ನಟ್ ಗನ್ನಿಗೆ ಎರಡು ಸಾವಿರ ಹೋಗಿದ್ದು ಇದರಲ್ಲೇ ಸೇರಿದೆ. ಒಂದೇ ಗಾಡಿಗಾದರೆ ಅದನ್ನು ಕೊಳ್ಳದೆ ಬಸ್ ಬಾಡಿ ಕಟ್ಟುವವರ ಹತ್ತಿರ ಬಾಡಿಗೆಗೆ ತನ್ನಿ.