ಒಂದೇ ಪ್ರೋಗ್ರಾಂ ಡಿಸ್ಕನ್ನು ಪೂರ್ತಿ ಹಿಡಿದುಕೊಂಡರೆ ಏನು ಮಾಡುವುದು?

ದೊಡ್ಡದೊಂದು ಬ್ಯಾಕಪ್ ನಡೀತಿರುತ್ತದೆ. ಅಷ್ಟರಲ್ಲಿ ಬ್ರೌಸರ್ ತೆರೆಯಲು ಹೋದರೆ ಅದು ಏಳುವುದೇ ಇಲ್ಲ. ಸಿಪಿಯು ಸುಮ್ನೆ ಕೂತಿದೆ, ಆದರೂ ಎಲ್ಲ ನಿಂತುಹೋಗಿದೆ. ಡಿಸ್ಕ್ ಹಾಳಾಯಿತು ಅಂತ ತಕ್ಷಣ ಹೊಸದು ಕೊಳ್ಳಲು ಹೋಗಬೇಡಿ. ಡಿಸ್ಕ್ ಚೆನ್ನಾಗಿಯೇ ದುಡಿಯುತ್ತಿರಬಹುದು, ಒಬ್ಬರಿಗಾಗಿ ಮಾತ್ರ. ಲಿನಕ್ಸ್‌ನಲ್ಲಿ ಇದನ್ನು ಪತ್ತೆ ಮಾಡಿ ಸರಿಪಡಿಸುವ ದಾರಿ ಹೀಗಿದೆ.

ಮೊದಲು ಮೆಮೊರಿ ನೋಡಿ. ವಿಎಂಸ್ಟ್ಯಾಟ್ ಕಮಾಂಡ್ ಓಡಿಸಿ, ಸ್ವಾಪ್‌ನ (ಮೆಮೊರಿ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗ) ಎರಡು ಕಾಲಂಗಳಲ್ಲಿ ಅಂಕಿಗಳು ಬಿಡದೆ ಓಡುತ್ತಿವೆಯೇ ಗಮನಿಸಿ. ಓಡುತ್ತಿದ್ದರೆ ಕೊರತೆ ಇರುವುದು ಮೆಮೊರಿಯಲ್ಲಿ. ಅದನ್ನು ಸರಿಪಡಿಸದೆ ಮುಂದೆ ಹೋಗಿ ಪ್ರಯೋಜನವಿಲ್ಲ.

ಆಮೇಲೆ, ಡಿಸ್ಕನ್ನು ಯಾರು ಹಿಡಿದಿದ್ದಾರೆ ನೋಡಿ. ರೂಟ್ ಅನುಮತಿಯಲ್ಲಿ, ಅಂದರೆ ನಿರ್ವಾಹಕರ ಅಧಿಕಾರದಲ್ಲಿ, ಐಯೋಟಾಪ್ ಕಮಾಂಡ್ ತೆರೆದರೆ ಯಾವ ಪ್ರೋಸೆಸ್ ಎಷ್ಟು ಓದುತ್ತಿದೆ, ಎಷ್ಟು ಬರೆಯುತ್ತಿದೆ ಎಂದು ಗೊತ್ತಾಗುತ್ತದೆ. ಪಕ್ಕದಲ್ಲೇ ಐಯೋಸ್ಟ್ಯಾಟ್ ಕಮಾಂಡನ್ನು ಎಕ್ಸ್ ಆಯ್ಕೆಯೊಂದಿಗೆ ಓಡಿಸಿ, ಓದಲು ಕಾಯುವ ಸಮಯದ ಕಾಲಂ ನೋಡಿ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕ್‌ಗೆ ಒಂದು ಸುತ್ತಿಗೇ 8 ಮಿಲಿಸೆಕೆಂಡ್‌ಗಿಂತ ಸ್ವಲ್ಪ ಜಾಸ್ತಿ ಬೇಕು. ಹಾಗಾಗಿ 10–15 ಮಿಲಿಸೆಕೆಂಡ್ ಕಾಯುವುದು ಸಹಜ. ಅಲ್ಲಿ 500 ಕಂಡರೆ, ನಿಮ್ಮ ಬ್ರೌಸರ್ ಕ್ಯೂನಲ್ಲಿ ಸಿಕ್ಕಿಬಿದ್ದಿದೆ ಎಂದೇ ಅರ್ಥ.

ಹೀಗೇಕಾಗುತ್ತದೆ? ಓದುವ ಪ್ರೋಗ್ರಾಂ ಸಾಮಾನ್ಯವಾಗಿ ಒಂದು ತುಂಡು ಕೇಳಿ, ಅದು ಕೈಗೆ ಬಂದ ಮೇಲೇ ಮುಂದಿನದನ್ನು ಕೇಳುತ್ತದೆ. ಬರೆಯುವ ಪ್ರೋಗ್ರಾಂ ಹಾಗೆ ಕಾಯುವುದಿಲ್ಲ. ಡೇಟಾವನ್ನು ಮೆಮೊರಿಗೆ ಸುರಿದು ಮುಂದೆ ಹೋಗುತ್ತದೆ, ಲಿನಕ್ಸ್‌ನ ತಿರುಳಾದ ಕರ್ನೆಲ್ ಅದನ್ನು ಒಟ್ಟಿಗೆ ಡಿಸ್ಕಿಗೆ ತಳ್ಳುತ್ತದೆ. ಒಂದೊಂದೇ ಚೀಟಿ ಹಿಡಿದು ಸಾಲಿನಲ್ಲಿ ನಿಂತವನ ಮುಂದೆ ಇನ್ನೊಬ್ಬ ಮೂಟೆಗಟ್ಟಲೆ ಚೀಟಿ ತಂದು ಸುರಿದ ಹಾಗೆ. ಬರವಣಿಗೆಯ ಕೆಲಸ ಐಯೋಟಾಪ್‌ನಲ್ಲಿ ಕೆಲವೊಮ್ಮೆ ಕರ್ನೆಲ್‌ನದೇ ಕೆಲಸಗಾರ ಕೆವರ್ಕರ್ ಹೆಸರಲ್ಲಿ ಕಾಣುವುದೂ ಇದಕ್ಕೇ. ಅದನ್ನು ಕೊಲ್ಲಲು ಹೋಗಬೇಡಿ, ಅದು ಬೇರೆಯವರ ಹೊರೆ ಹೊತ್ತಿದೆ ಅಷ್ಟೇ.

ಮುಂದಿನ ಹೆಜ್ಜೆ ಶೆಡ್ಯೂಲರ್, ಅಂದರೆ ಡಿಸ್ಕಿನ ಸಾಲಿನಲ್ಲಿ ಯಾರ ಸರದಿ ಮೊದಲು ಎಂದು ನಿರ್ಧರಿಸುವ ಕರ್ನೆಲ್‌ನ ಭಾಗ. ಸಿಸ್ ಡೈರೆಕ್ಟರಿಯೊಳಗೆ ಬ್ಲಾಕ್, ಅದರೊಳಗೆ ನಿಮ್ಮ ಡಿಸ್ಕಿನ ಹೆಸರು, ಅದರೊಳಗೆ ಕ್ಯೂ. ಅಲ್ಲಿರುವ ಶೆಡ್ಯೂಲರ್ ಫೈಲಿನಲ್ಲಿ ಚೌಕ ಕಂಸದೊಳಗಿರುವ ಹೆಸರೇ ಈಗ ಚಾಲ್ತಿಯಲ್ಲಿರುವುದು. ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ ಬಿಎಫ್‌ಕ್ಯೂ ಎಂಬ ಶೆಡ್ಯೂಲರ್ ಹೆಸರನ್ನು ಆ ಫೈಲಿಗೆ ಹಾಕಿ ನೋಡಿ. ಪ್ರತಿ ಪ್ರೋಸೆಸ್‌ಗೂ ಪಾಲು ಹಂಚುವುದೇ ಅದರ ಕೆಲಸ. 2017ರಿಂದ, ಅಂದರೆ 4.12ನೇ ಆವೃತ್ತಿಯಿಂದ ಅದು ಕರ್ನೆಲ್‌ನಲ್ಲೇ ಇದೆ. ವೇಗದ ಎನ್‌ವಿಎಂಇ ಡಿಸ್ಕಿಗೆ (ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ) ಇದರ ಲೆಕ್ಕಾಚಾರವೇ ಭಾರವಾಗಬಹುದು, ಅಲ್ಲಿ ಅವಸರ ಬೇಡ. ಈ ಬದಲಾವಣೆ ರೀಬೂಟ್ ಆದರೆ ಹೋಗುತ್ತದೆ. ಉಳಿಯಬೇಕೆಂದರೆ, ಸಾಧನಗಳನ್ನು ನೋಡಿಕೊಳ್ಳುವ ಯುಡೆವ್‌ಗೆ ನಿಯಮವೊಂದನ್ನು ಬರೆದಿಡಿ.

ಈಗ ಡಿಸ್ಕಿನ ಆದ್ಯತೆ ಬದಲಿಸುವ ಐಯೋನೈಸ್ ಕಮಾಂಡ್ ಬಳಸಿ ಬ್ಯಾಕಪ್ಪನ್ನು 3ನೇ ವರ್ಗಕ್ಕೆ, ಅಂದರೆ ಬೇರೆ ಯಾರಿಗೂ ಬೇಡದಾಗ ಮಾತ್ರ ಡಿಸ್ಕ್ ಸಿಗುವ ವರ್ಗಕ್ಕೆ ಹಾಕಿ. ಶೆಡ್ಯೂಲರ್ ಜಾಗದಲ್ಲಿ ನನ್ (ಯಾವ ಶೆಡ್ಯೂಲರೂ ಇಲ್ಲ) ಅಥವಾ ಕೈಬರ್ ಎಂಬ ಇನ್ನೊಂದು ಶೆಡ್ಯೂಲರ್ ಇದ್ದರೆ ಈ ಕಮಾಂಡ್ ತಕರಾರಿಲ್ಲದೆ ಓಡುತ್ತದೆ, ಆದರೆ ಏನೂ ಬದಲಾಗುವುದಿಲ್ಲ. ಐಯೋನೈಸ್ ಬಗ್ಗೆ ಸಿಗುವ ಹಳೆಯ ಸಲಹೆಗಳು ಹೆಚ್ಚಾಗಿ ಸಿಎಫ್‌ಕ್ಯೂ ಎಂಬ ಹಳೆಯ ಶೆಡ್ಯೂಲರ್ ಕಾಲದವು. ಅದನ್ನು 2019ರಲ್ಲಿ, 5.0 ಆವೃತ್ತಿಯಲ್ಲೇ ತೆಗೆದುಹಾಕಿದ್ದಾರೆ.

ಮೆಮೊರಿಯ ಮೂಲಕ ಹೋಗುವ ಬರವಣಿಗೆಗೆ ಐಯೋನೈಸ್ ಸಾಲದು. ಸಾಮಾನ್ಯವಾಗಿ ಲಭ್ಯ ಮೆಮೊರಿಯ ಶೇ 20ರವರೆಗೆ ಬರೆಯದ ಡೇಟಾ ಕೂಡಿಬೀಳಲು ಕರ್ನೆಲ್ ಬಿಡುತ್ತದೆ. ಮೆಮೊರಿ ದೊಡ್ಡದಿದ್ದು ಡಿಸ್ಕ್ ನಿಧಾನವಿದ್ದರೆ ಈ ಮಿತಿ ತೀರಾ ಜಾಸ್ತಿ. ಕರ್ನೆಲ್‌ನ ಡರ್ಟಿ ಬೈಟ್ಸ್ ಸೆಟ್ಟಿಂಗ್‌ನಲ್ಲಿ ಅದನ್ನು ಕೆಲವು ನೂರು ಎಂಬಿಗೆ ಇಳಿಸಿ. ಇನ್ನೂ ಸುಲಭದ ದಾರಿ ಬೇಕೆಂದರೆ ಬ್ಯಾಕಪ್‌ನ ವೇಗಕ್ಕೇ ಕಡಿವಾಣ ಹಾಕಿ. ಫೈಲ್ ನಕಲು ಮಾಡುವ ಆರ್‌ಸಿಂಕ್‌ನಲ್ಲಿ ಅದಕ್ಕೆ ಆಯ್ಕೆಯಿದೆ. ಬೇರೆ ಪ್ರೋಗ್ರಾಂ ಆದರೆ ಸಿಸ್ಟಂಡಿ ರನ್ ಕಮಾಂಡ್ ಮೂಲಕ ಓಡಿಸಿ, ಸೆಕೆಂಡಿಗೆ ಎಷ್ಟು ಬರೆಯಬಹುದು ಎಂದು ಹೇಳಿಬಿಡಿ.

ಒಂದೊಂದನ್ನೇ ಬದಲಿಸಿ, ಪ್ರತಿ ಸಲವೂ ಅದೇ ಬ್ಯಾಕಪ್ ಓಡಿಸಿ, ಓದಲು ಕಾಯುವ ಸಮಯ ಇಳಿಯಿತೇ ನೋಡಿ. ಡಿಸ್ಕಿಗೆ ಹೆಚ್ಚು ಕೆಲಸವಿಲ್ಲದಾಗಲೂ ಆ ಅಂಕಿ ಮೇಲೇ ಇದ್ದರೆ, ಕರ್ನೆಲ್‌ನ ಸಂದೇಶ ತೋರಿಸುವ ಡಿಮೆಸೇಜ್ ಕಮಾಂಡ್‌ನಲ್ಲಿ ಡಿಸ್ಕಿನ ದೋಷಗಳಿವೆಯೇ ಹುಡುಕಿ. ಇದ್ದರೆ ಮೊದಲು ಡೇಟಾ ಬೇರೆಡೆಗೆ ಸಾಗಿಸಿ.